ಪೊಟರೆಯಿಂದ ಪಂಜರಕ್ಕೆ

ಹಣ್ಣು, ಕಾಳು ಕೊಟ್ಟು ಮುದ್ದಿನಿಂದ ಸಾಕಿದ ಗಿಳಿ ಸಾಕಿದವರ ಬೆರಳನ್ನೇ ಕಚ್ಚಿದರೆ, ಉಂಡ ಮನೆಯ ಋಣ ಇಲ್ಲದ ಹಕ್ಕಿ ಎಂದು ಮನೆಯವರು ಬೈಯುತ್ತಾರೆ. ಹಾಗೆ ಬೈಯುವ ಮೊದಲು ಅದು ಮನೆಗೆ ಬಂದ ದಾರಿಯನ್ನು ನೋಡಬೇಕು. ತಿ. ನರಸೀಪುರ ತಾಲ್ಲೂಕಿನ ಮುಡುಕುತೊರೆ ಜಾತ್ರೆಯಲ್ಲಿ ರೈತ ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಹಳ್ಳಿಕಾರ್ ತಳಿಯೇ ಎಂದು ವಿಚಾರಿಸುತ್ತಾನೆ. ಹಾಯುವ ಹೋರಿಯನ್ನು ಬಿಟ್ಟು ಸಾಧುವಾದದ್ದನ್ನೇ ಉಳಿಸಿಕೊಂಡು ಬಂದ ಸಾವಿರಾರು ವರ್ಷಗಳ ಆಯ್ಕೆ ಆ ಎತ್ತಿನ ಹಿಂದಿದೆ. ಗಿಳಿಯ ಹಿಂದೆ ಅಂಥದ್ದೇನೂ ಇಲ್ಲ. ಪಂಜರದ ಅರಗಿಣಿ ನಮ್ಮೊಡನೆ ಎಷ್ಟೇ ಶತಮಾನ ಕಳೆದಿದ್ದರೂ ಸಾಕುಪ್ರಾಣಿಯಾಗಿಲ್ಲ. ಅದು ಕಚ್ಚುವುದಕ್ಕೆ ಮೂಲ ಕಾರಣ ಇದೇ ಎಂಬುದು ನನ್ನ ವಾದ.

ಗಿಳಿಗೆ ಮಾತು ಕಲಿಸುವ ವಿದ್ಯೆ ನಮ್ಮಲ್ಲಿ ಬಹಳ ಹಳೆಯದು. ವಾತ್ಸ್ಯಾಯನನ ಕಾಮಸೂತ್ರ ಹೇಳುವ 64 ಕಲೆಗಳಲ್ಲಿ ಗಿಳಿ, ಗೊರವಂಕಗಳಿಗೆ ಮಾತು ಕಲಿಸುವುದೂ ಒಂದು. ಬೇಲೂರಿನ ಮದನಿಕೆಯರ ನಡುವೆ ಶುಕಭಾಷಿಣಿ ನಿಂತಿದ್ದಾಳೆ. ಆದರೆ ಹಕ್ಕಿ ಬರುತ್ತಿದ್ದುದು ಎಲ್ಲಿಂದ? ನಾಗವರ್ಮ ಕನ್ನಡಕ್ಕೆ ತಂದ ಬಾಣಭಟ್ಟನ ಕಾದಂಬರಿಯಲ್ಲಿ ಮುದಿ ಬೇಡನೊಬ್ಬ ಬೂರುಗದ ಮರ ಹತ್ತಿ, ಪೊಟರೆಗಳಿಗೆ ಕೈ ಹಾಕಿ, ಗಿಳಿಮರಿಗಳನ್ನು ಕೊಂದು ಕೆಳಗೆಸೆಯುತ್ತಾನೆ. ತಂದೆಯ ರೆಕ್ಕೆಯಡಿ ಸಿಕ್ಕಿ ಉಳಿದ ಮರಿಯೇ ಮುಂದೆ ಚಿನ್ನದ ಸರಳುಗಳ ಪಂಜರದಲ್ಲಿ ರಾಜಸಭೆಗೆ ಬರುತ್ತದೆ. ಕಥೆ ಕಲ್ಪನೆಯದು, ಮರ ಹತ್ತುವ ಕೈ ಮಾತ್ರ ಕಲ್ಪನೆಯದಲ್ಲ. ಅರಗಿಣಿ ಮರಿ ಮಾಡುವುದು ಹೆಚ್ಚಾಗಿ ಜನವರಿಯಿಂದ ಏಪ್ರಿಲ್‌ವರೆಗೆ. ಕೊಳ್ಳುವ ಜನ ಸೇರುವ ಮುಡುಕುತೊರೆಯ ಜಾತ್ರೆ, ಫಾಲ್ಗುಣದ ನಂಜನಗೂಡು ದೊಡ್ಡ ಜಾತ್ರೆ ಎರಡೂ ಬೀಳುವುದು ಇದೇ ತಿಂಗಳುಗಳಲ್ಲಿ. ಗೂಡಿನಿಂದ ಹಾರಿಹೋಗಲು ಮರಿಗೆ ಸುಮಾರು ಏಳು ವಾರ ಬೇಕು. ಮಾರಾಟದ ಮರಿಯನ್ನು ಅದಕ್ಕೂ ಮೊದಲೇ ಕೀಳುತ್ತಾರೆ. ಕಪಿಲೆ, ಕಾವೇರಿಯ ಬಯಲಿನಲ್ಲಿ ಬೆಳೆದ ತೆನೆಯ ಮೇಲೆ ಇಳಿದರೆ ಕವಣೆ ಬೀಸಿ ಓಡಿಸುವುದೂ ಇದೇ ಹಕ್ಕಿಯನ್ನೇ. ಹೊಲದಲ್ಲಿ ಕಾಡುಹಕ್ಕಿ ಎಂದು ಒಪ್ಪುವ ನಾವು ಜಗಲಿಗೆ ಬಂದೊಡನೆ ಅದನ್ನು ಮರೆಯುತ್ತೇವೆ.

ಗಿಣಿಶಾಸ್ತ್ರದವರ ಗಿಳಿ ಕಚ್ಚುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅಲ್ಲಿ ನಡೆಯುವುದನ್ನು ಗಮನಿಸಿ: ಪುಟ್ಟ ಬಾಗಿಲು ತೆರೆಯುತ್ತದೆ, ಹಕ್ಕಿ ತಾನಾಗಿ ನಡೆದು ಬರುತ್ತದೆ, ಸಾಲಿನಿಂದ ಒಂದು ಕಾರ್ಡನ್ನು ಕೊಕ್ಕಿನಿಂದ ಎಳೆದು ಹಾಕುತ್ತದೆ, ಕಾಳು ತೆಗೆದುಕೊಂಡು ಒಳಗೆ ಹೋಗುತ್ತದೆ. ಇಷ್ಟರಲ್ಲಿ ಯಾರೂ ಅದನ್ನು ಮುಷ್ಟಿಯಲ್ಲಿ ಹಿಡಿಯುವುದಿಲ್ಲ. ಮನೆಗಳಲ್ಲಿ ಆಗುವುದು ತಿರುಗುಮುರುಗು: ಮಕ್ಕಳು ಸರಳಿನ ಸಂದಿಯಲ್ಲಿ ಬೆರಳು ತೂರಿಸುತ್ತಾರೆ, ದೊಡ್ಡವರು ಮೇಲಿನಿಂದ ಕೈ ಚಾಚುತ್ತಾರೆ. ಗಿಳಿಯಂಥ ಹಕ್ಕಿಗೆ ಮೇಲಿನಿಂದ ಇಳಿಯುವುದು ಗಿಡುಗ. ಅಪಾಯ ಕಂಡಾಗ ಅದರ ಮೊದಲ ಉಪಾಯ ಹಾರಿಹೋಗುವುದು. ರೆಕ್ಕೆ ಕತ್ತರಿಸಿ, ಬಾಗಿಲು ಹಾಕಿ ನಾವೇ ಅದನ್ನು ತೆಗೆದುಬಿಟ್ಟ ಮೇಲೆ ಉಳಿಯುವುದು ಕೊಕ್ಕು. ಕಚ್ಚಿದೊಡನೆ ಕೈ ಹಿಂದೆ ಸರಿಯುತ್ತದೆ. ಕಚ್ಚಿದರೆ ಫಲವಿದೆ ಎಂದು ಹಕ್ಕಿ ಅಲ್ಲೇ ಕಲಿಯುತ್ತದೆ, ಕಲಿಸಿದವರು ನಾವು. ಹಾಗೆಂದು ಗಿಣಿಶಾಸ್ತ್ರವನ್ನು ನಾನು ಒಪ್ಪುತ್ತೇನೆ ಎಂದಲ್ಲ. ಆ ಗಿಳಿಯ ರೆಕ್ಕೆಯೂ ಕತ್ತರಿಸಿದ್ದೇ, ಅದರ ಪಂಜರವಂತೂ ಇನ್ನೂ ಚಿಕ್ಕದು.

ಕಣ್ಣು ಬಿಡುವ ಮುಂಚೆ ತಂದು ತುತ್ತು ಕೊಟ್ಟು ಬೆಳೆಸಿದರೆ ಪಳಗುತ್ತದೆ ಎನ್ನುವುದು ಇನ್ನೊಂದು ಮಾತು. ಮರಿ ಇರುವಷ್ಟು ದಿನ ಅದು ನಿಜ. ಎರಡು ಮೂರು ವರ್ಷಕ್ಕೆ ಪ್ರಾಯ ಬಂದಾಗ ಗೂಡು ಕಾಯುವ, ಜೋಡಿ ಹುಡುಕುವ ಸ್ವಭಾವ ಎದ್ದು ಬರುತ್ತದೆ. ಹಿಂಡಿನಲ್ಲಿ ಬದುಕಬೇಕಾದ ಹಕ್ಕಿಗೆ ಆಗ ಜೊತೆಗೆ ಇನ್ನೊಂದು ಗಿಳಿಯೂ ಇರುವುದಿಲ್ಲ. ನಿನ್ನೆಯವರೆಗೆ ಹೆಗಲ ಮೇಲೆ ಕೂರುತ್ತಿದ್ದದ್ದು ಇಂದು ರಕ್ತ ಬರುವಂತೆ ಕಚ್ಚುವುದು ಹೀಗೆ. ಮರಿಯಾಗಿದ್ದಾಗ ತುತ್ತು ಕೊಟ್ಟ ಕೈ ಒಂದು ಜೀವವನ್ನು ಪಳಗಿಸಬಹುದು, ಒಂದು ಜಾತಿಯನ್ನಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧ. 2022ರ ತಿದ್ದುಪಡಿ ಅರಗಿಣಿಯನ್ನು ಎರಡನೇ ಅನುಸೂಚಿಗೆ ಸೇರಿಸಿದೆ. ಬರುವ ಬೇಸಿಗೆಯಲ್ಲಿ ಯಾರಾದರೂ ಬುಟ್ಟಿಯಲ್ಲಿ ಗಿಳಿಮರಿ ತಂದರೆ ದಯವಿಟ್ಟು ಕೊಳ್ಳಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಮನೆಯಲ್ಲಿ ಈಗಾಗಲೇ ಇದ್ದರೆ ಸುಮ್ಮನೆ ಹಾರಿಬಿಡಬೇಡಿ, ಹಾರಲಾರದ ಹಕ್ಕಿ ಬೆಕ್ಕಿನ ಪಾಲಾಗುತ್ತದೆ; ಅದನ್ನೂ ಇಲಾಖೆಯವರಿಗೇ ಒಪ್ಪಿಸಿ.