ತಂತ್ರಾಂಶ ಅಭಿವೃದ್ಧಿಯಲ್ಲಿ ವೇದಿಕೆ ಬದಲಾವಣೆ

ವೇದಿಕೆ ಬದಲಾವಣೆ ಎಂದರೆ ಒಂದು ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಪಳಗಿದ ತಂತ್ರಾಂಶ ಅಭಿವೃದ್ಧಿಕಾರರು ಮತ್ತೊಂದರ ಉಪಕರಣಗಳಿಗೆ ಹೊಂದಿಕೊಳ್ಳುವ ಪ್ರಕ್ರಿಯೆ. ವಿಂಡೋಸ್, ಲಿನಕ್ಸ್ ಮತ್ತು ಮ್ಯಾಕ್‌ಓಎಸ್‌ಗಳ ನಡುವೆ ಇದು ಸಾಮಾನ್ಯ. ಹೊಸ ಕಂಪೈಲರ್, ಸಂಪಾದಕಗಳ ಬಳಕೆ ಅಭ್ಯಾಸದಿಂದ ರೂಢಿಯಾಗುತ್ತದೆ. ಹೆಚ್ಚು ತೊಡಕುಂಟುಮಾಡುವುದು ಹಳೆಯ ವ್ಯವಸ್ಥೆ ತಾನಾಗಿ ನಿರ್ವಹಿಸುತ್ತಿದ್ದ, ಹಾಗಾಗಿ ಗಮನಕ್ಕೇ ಬಾರದಿದ್ದ ಸಂಗತಿಗಳು. ಕನ್ನಡ ಪಠ್ಯವನ್ನು ಬಳಸುವ ತಂತ್ರಾಂಶಗಳಲ್ಲಿ ಇವು ಬೇಗನೆ ಬಯಲಾಗುತ್ತವೆ.

ಕನ್ನಡದಲ್ಲಿ ಹಿನ್ನೆಲೆ

1998ರಲ್ಲಿ ಬಂದ ಬರಹ, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಇವೆರಡೂ ವಿಂಡೋಸ್‌ಗಾಗಿ ಹುಟ್ಟಿದವು. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಲೇಖಕ ಕೆ. ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಅವರೂ ಕಂಪ್ಯೂಟರಿನಲ್ಲಿ ಕನ್ನಡದ ಬಳಕೆಗಾಗಿ ಶ್ರಮಿಸಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಮಲೆನಾಡಿನ ತೋಟದ ಮನೆಯಲ್ಲಿದ್ದ ಸಾಹಿತಿಯೊಬ್ಬರು ಇದನ್ನು ತಮ್ಮ ಕೆಲಸವೆಂದು ಭಾವಿಸಿದ್ದು, ಆಗ ಕನ್ನಡಕ್ಕೆ ತಕ್ಕ ಉಪಕರಣಗಳು ಎಷ್ಟು ವಿರಳವಾಗಿದ್ದವು ಎಂಬುದನ್ನೂ ಸೂಚಿಸುತ್ತದೆ.

ಆ ಕಾಲದ ಫಾಂಟ್‌ಗಳು ಅಕ್ಷರಗಳಿಗಲ್ಲ, ಅವುಗಳ ಆಕಾರದ ತುಣುಕುಗಳಿಗೆ ಸಂಕೇತ ನೀಡುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕಾಣುತ್ತಿದ್ದುದು ಲ್ಯಾಟಿನ್ ಅಕ್ಷರಗಳ ಗೋಜಲು. ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ ವಿಂಡೋಸ್‌ನಲ್ಲಿ ಅದು ನೆಲೆಯೂರಿದ್ದು 2001ರ ಎಕ್ಸ್‌ಪಿ ಆವೃತ್ತಿ ಮತ್ತು ಅದರ ತುಂಗಾ ಫಾಂಟ್‌ನಿಂದ. ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ತರಲು ಸಂಕೇತಗಳನ್ನು ಬದಲಿಸಿದರಷ್ಟೇ ಸಾಲದು. ‘ಅರ್ಕ’ ಎಂಬಲ್ಲಿ ಹಳೆಯ ಫಾಂಟ್ ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಕಕಾರದ ನಂತರ ಇಡುತ್ತದೆ. ಯೂನಿಕೋಡ್ ಉಚ್ಚಾರಣೆಯ ಕ್ರಮದಲ್ಲಿ ರೇಫವನ್ನು ಮೊದಲು ಇಡುತ್ತದೆ. ಆದ್ದರಿಂದ ಹಳೆಯ ಸಂಕೇತಕ್ಕಾಗಿ ಬರೆದ ಹುಡುಕಾಟದ ಹಾಗೂ ಅಕಾರಾದಿ ವಿಂಗಡಣೆಯ ಕ್ರಮವಿಧಿಗಳನ್ನು ಹೊಸದಾಗಿ ಬರೆಯಬೇಕಾಗುತ್ತದೆ.

ಎದುರಾಗುವ ವ್ಯತ್ಯಾಸಗಳು

ವಿಂಡೋಸ್‌ನಲ್ಲಿ ಸಾಲಿನ ಕೊನೆಗೆ ಎರಡು ನಿಯಂತ್ರಣ ಚಿಹ್ನೆಗಳು, ಲಿನಕ್ಸ್‌ನಲ್ಲಿ ಒಂದೇ. ವಿಂಡೋಸ್‌ನಲ್ಲಿ ಉಳಿಸಿದ ಶೆಲ್ ಸ್ಕ್ರಿಪ್ಟ್ ಲಿನಕ್ಸ್‌ನಲ್ಲಿ ಓಡದಿರಲು ಕಣ್ಣಿಗೆ ಕಾಣದ ಈ ಹೆಚ್ಚುವರಿ ಚಿಹ್ನೆ ಅನೇಕ ವೇಳೆ ಕಾರಣ. ಕಡತದ ಹೆಸರಿನಲ್ಲಿ ದೊಡ್ಡಕ್ಷರ-ಚಿಕ್ಕಕ್ಷರಗಳ ಭೇದವನ್ನು ಲಿನಕ್ಸ್ ಪರಿಗಣಿಸುತ್ತದೆ, ವಿಂಡೋಸ್ ಸಾಮಾನ್ಯವಾಗಿ ಪರಿಗಣಿಸುವುದಿಲ್ಲ. ಕನ್ನಡ ಲಿಪಿಯಲ್ಲಿ ಈ ಭೇದವೇ ಇಲ್ಲ; ಆದರೆ ಕನ್ನಡ ಹೆಸರುಗಳಿಗೆ ಬೇರೊಂದು ತೊಡಕಿದೆ.

‘ಕೋಶ’ ಎಂಬ ಹೆಸರಿನಲ್ಲಿ ಸಾಮಾನ್ಯವಾಗಿ ಮೂರು ಸಂಕೇತಗಳಿರುತ್ತವೆ, ಯುಟಿಎಫ್-8ರಲ್ಲಿ 9 ಬೈಟ್. ಓಕಾರದ ಚಿಹ್ನೆಯನ್ನು ಯೂನಿಕೋಡ್ ನಿಯಮದಂತೆ ಎಕಾರ, ಊಕಾರ ಮತ್ತು ದೀರ್ಘ ಚಿಹ್ನೆಗಳಾಗಿ ಬಿಡಿಸಬಹುದು. ಆಗ ಅದೇ ಹೆಸರು ಐದು ಸಂಕೇತ, 15 ಬೈಟ್ ಆಗುತ್ತದೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಸಂಗ್ರಹಿಸುತ್ತಿತ್ತು. ಲಿನಕ್ಸ್ ಹೆಸರನ್ನು ಬೈಟ್‌ಗಳಾಗಿಯಷ್ಟೇ ನೋಡುವುದರಿಂದ, ತೆರೆಯ ಮೇಲೆ ಒಂದೇ ತೆರನಾಗಿ ಕಾಣುವ ಎರಡು ಹೆಸರುಗಳು ಅಲ್ಲಿ ಎರಡು ಬೇರೆ ಕಡತಗಳಾಗುತ್ತವೆ. ಗಿಟ್‌ನಲ್ಲಿ ಮ್ಯಾಕ್ ಬಳಕೆದಾರರಿಗಾಗಿ ಇಂಥ ಹೆಸರುಗಳನ್ನು ಮತ್ತೆ ಕೂಡಿಸುವ ಆಯ್ಕೆಯಿದೆ.

ಪೈಥಾನ್ ಬಹುಕಾಲ ಕಡತ ತೆರೆಯುವಾಗ ಆಯಾ ವ್ಯವಸ್ಥೆಯ ಸಂಕೇತಪದ್ಧತಿಯನ್ನೇ ಬಳಸುತ್ತಿತ್ತು. ಲಿನಕ್ಸ್‌ನಲ್ಲಿ ಅದು ಬಹುತೇಕ ಯುಟಿಎಫ್-8. ವಿಂಡೋಸ್‌ನಲ್ಲಿ ಪಾಶ್ಚಾತ್ಯ ಭಾಷೆಗಳ ಪದ್ಧತಿ ಆಯ್ಕೆಯಾಗಿದ್ದರೆ ಕನ್ನಡ ಬರೆಯಹೊರಟ ಕ್ರಮವಿಧಿ ದೋಷಸಂದೇಶ ನೀಡಿ ನಿಲ್ಲುತ್ತದೆ. ಸಂಕೇತಪದ್ಧತಿಯನ್ನು ಸ್ಪಷ್ಟವಾಗಿ ನಮೂದಿಸುವುದು ಇದಕ್ಕೆ ಪರಿಹಾರ.

ಹೊಂದಿಕೆಯ ಮಾರ್ಗಗಳು

ಹಳೆಯ ವ್ಯವಸ್ಥೆಯನ್ನು ಪೂರ್ತಿ ಬಿಡದೆ ಹೊಸದನ್ನು ಕಲಿಯಲು ವರ್ಚುವಲ್ ಯಂತ್ರಗಳು ಹಿಂದಿನಿಂದಲೂ ನೆರವಾಗಿವೆ. 2016ರಿಂದ ಮೈಕ್ರೋಸಾಫ್ಟ್ ವಿಂಡೋಸ್‌ನೊಳಗೇ ಲಿನಕ್ಸ್ ಉಪಕರಣಗಳನ್ನು ಬಳಸುವ ವ್ಯವಸ್ಥೆ ಒದಗಿಸಿದೆ.

ಬೆರಳುಗಳ ರೂಢಿ ಬದಲಾಗುವುದು ನಿಧಾನ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯಲ್ಲಿ ಒತ್ತಕ್ಷರ ಮೂಡಿಸಲು ‘ಎಫ್’ ಕೀಲಿ ಬೇಕು. ಇನ್‌ಸ್ಕ್ರಿಪ್ಟ್‌ನಲ್ಲಿ ಅದೇ ಕೆಲಸ ‘ಡಿ’ ಕೀಲಿಯದು. ನುಡಿಯಲ್ಲಿ ಪಳಗಿದವರು ಲಿನಕ್ಸ್‌ನಲ್ಲಿ ‘ಕಗಪ’ ಹೆಸರಿನ ವಿನ್ಯಾಸವನ್ನು ಆಯ್ದುಕೊಂಡು ತಮ್ಮ ಅಭ್ಯಾಸವನ್ನು ಮುಂದುವರಿಸಬಹುದು.