ಟಿಕೆಟ್ ಇಲ್ಲದ ಕೋಟೆಗಳು

ಒಂದು ಡಿಸೆಂಬರಿನಲ್ಲಿ ಆಫೀಸಿನವರು ನನ್ನನ್ನು ಎಡಿನ್‌ಬರೋಗೆ ಕಳಿಸಿದ್ದರು. ಆನ್‌ಸೈಟ್ ಅಂದ್ರೆ ನಿಮಗೆ ಗೊತ್ತಲ್ಲ, ವಾರಪೂರ್ತಿ ಕೋಡು, ಶನಿವಾರ ಭಾನುವಾರ ಫೋಟೋ. ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಹಾಗಾಗಿ ಬೆಳಗ್ಗೆಯೇ ಹೋಗಿ, ಕ್ಯೂನಲ್ಲಿ ನಿಂತು, ಟಿಕೆಟ್ ತಗೊಂಡು ಕೋಟೆ ಹತ್ತಿದೆ. ಸರಿಯಾಗಿ ಒಂದು ಗಂಟೆಗೆ ಢಮ್ ಅಂತ ತೋಪು ಹಾರಿಸಿದರು. ಬಂದರಿನ ಹಡಗುಗಳು ಗಡಿಯಾರ ಸರಿಮಾಡಿಕೊಳ್ಳಲಿ ಅಂತ 1861ರಲ್ಲಿ ಶುರುವಾದ ಪದ್ಧತಿ ಅದು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಆದರೂ ತೋಪು ನಿಂತಿಲ್ಲ. ಭಾನುವಾರ ರಜೆ.

ಖುಷಿಯಿಂದ ಊರಿಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪ ಕಣ್ಣು ಕಿರಿದು ಮಾಡಿ ನೋಡಿ ಅಂದ: "ಇದೇನಲೇ ತಮ್ಮಾ, ನಮ್ಮ ಉಚ್ಚಂಗಿ ಗುಡ್ಡ ಇದ್ದಂಗ ಐತಿ. ಇದನ್ನ ನೋಡಾಕ ರೊಕ್ಕ ಕೊಟ್ಟಿಯೇನು?"

ನಗು ಬಂತು, ನಾಚಿಕೆಯೂ ಆಯ್ತು. ನಮ್ಮೂರು ಕೊಟ್ಟೂರು ಮತ್ತು ಹರಪನಹಳ್ಳಿ ನಡುವೆ. ಚಿಕ್ಕವನಿದ್ದಾಗ ಅವ್ವನ ಜೊತೆ ಉಚ್ಚಂಗೆಮ್ಮನ ದರ್ಶನಕ್ಕೆ ಆ ಗುಡ್ಡ ಹತ್ತಿದ್ದೆ. ದೇವಿ ಗೊತ್ತು, ಮೆಟ್ಟಿಲು ಗೊತ್ತು. ಕೋಟೆ ಯಾರದ್ದು ಅಂತ ಮಾತ್ರ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ರಾತ್ರಿ ರೂಮಿನ ಹೀಟರ್ ಪಕ್ಕ ಕೂತು ಓದೋಕೆ ಶುರುಮಾಡಿದೆ.

ಉಚ್ಚಂಗಿದುರ್ಗ ಮೊದಲು ನೊಳಂಬರ ಬಿಗಿಹಿಡಿತದಲ್ಲಿದ್ದ ಕೋಟೆ. ಹತ್ತನೇ ಶತಮಾನದಲ್ಲಿ ಗಂಗರ ಮಾರಸಿಂಹ ಅದನ್ನು ಗೆದ್ದು 'ನೊಳಂಬಕುಲಾಂತಕ' ಅಂತ ಬಿರುದು ಹಾಕಿಕೊಂಡ. ಆಮೇಲೆ ಪಾಂಡ್ಯರು, ಮಧುರೆಯವರಲ್ಲ, ಉಚ್ಚಂಗಿಯವರೇ ಆದ ಪಾಂಡ್ಯರು. ಅವರಿಂದ 1177ರ ಹೊತ್ತಿಗೆ ಹೊಯ್ಸಳ ಇಮ್ಮಡಿ ಬಲ್ಲಾಳ ಕಿತ್ತುಕೊಂಡ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಚೆಲ್ಲಿದ ಕೋಟೆ ಇದು ಅಂತ ಹೊಯ್ಸಳರ ಶಾಸನ ಜಂಬ ಕೊಚ್ಚಿಕೊಳ್ಳುತ್ತೆ. ಬಲ್ಲಾಳನಿಗೆ 'ಗಿರಿದುರ್ಗಮಲ್ಲ' ಅನ್ನೋ ಬಿರುದು ಇತ್ತು. ಅದರ ಹಿಂದಿರೋ ಗಿರಿದುರ್ಗ ನಮ್ಮ ಗುಡ್ಡ!

ಪಶ್ಚಿಮಕ್ಕೆ ಹೋದರೆ ತುಂಗಭದ್ರೆಯ ದಡದಲ್ಲಿ ಕುರುವತ್ತಿ. ಅಲ್ಲಿನ ಮಲ್ಲಿಕಾರ್ಜುನ ಗುಡಿಯ ಮದನಿಕೆಯರ ಫೋಟೋ ನೀವು ನೋಡಿರಬಹುದು. ಗುಡಿಗಿಂತ ಆ ನದಿಯ ಕಥೆ ನನ್ನನ್ನು ಹಿಡಿದು ನಿಲ್ಲಿಸಿತು. ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರ, ಚೋಳರ ಜೊತೆ ಜೀವಮಾನವೆಲ್ಲ ಕಾದಾಡಿದವನು, ವಾಸಿಯಾಗದ ಕಾಯಿಲೆ ಬಿದ್ದಾಗ 1068ರಲ್ಲಿ ಇಲ್ಲೇ ಹೊಳೆಗಿಳಿದು ಪ್ರಾಣ ಬಿಟ್ಟ. ಕವಿ ಬಿಲ್ಹಣ ಸಂಸ್ಕೃತದಲ್ಲಿ ಅದನ್ನು ವರ್ಣಿಸಿದ್ದಾನೆ. ಅದೇ ಹೊಳೆಯಲ್ಲಿ ನಾವು ಹಡಗಲಿ ಕಡೆಯ ನೆಂಟರ ಮನೆಗೆ ಹೋದಾಗಲೆಲ್ಲ ಈಜು ಹೊಡೆದಿದ್ದೇವೆ.

ಓದ್ತಾ ಓದ್ತಾ ಸಿಕ್ಕ ಇನ್ನೊಂದು ವಿಷಯಕ್ಕೆ ನಾನು ಎದ್ದು ಕೂತೆ. ನಾನಿದ್ದ ದೇಶದವರು ನಮ್ಮೂರಿಗೆ ಇನ್ನೂರು ವರ್ಷ ಮೊದಲೇ 'ಆನ್‌ಸೈಟ್' ಬಂದು ಹೋಗಿದ್ದಾರೆ.

1799ರಲ್ಲಿ ಟಿಪ್ಪು ಸತ್ತ ಮೇಲೆ ರಾಜ್ಯ ಪಾಲು ಮಾಡಿದಾಗ ಹರಪನಹಳ್ಳಿ ಸೀಮೆಯನ್ನು ಪೇಶ್ವೆಗೆ ಅಂತ ತೆಗೆದಿಟ್ಟಿದ್ದರು. ಅವರು ಹಾಕಿದ ಷರತ್ತು ಪೇಶ್ವೆಗೆ ಒಪ್ಪಿಗೆಯಾಗಲಿಲ್ಲ, ಬೇಡ ಅಂದ. ಯಾವ ಟೀಮೂ ಓನ್ ಮಾಡದ ಮಾಡ್ಯೂಲ್ ಥರ! 1800ರಲ್ಲಿ ನಿಜಾಮ ತನ್ನ ಪಾಲಿಗೆ ಬಂದ ಬಳ್ಳಾರಿ, ಅನಂತಪುರ, ಕಡಪದ ನಾಡನ್ನು ಕಂಪನಿಗೆ ಬಿಟ್ಟುಕೊಟ್ಟ. ಅದನ್ನು ನೋಡಿಕೊಳ್ಳೋಕೆ ಬಂದವನು ಥಾಮಸ್ ಮನ್ರೋ, 1761ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ವ್ಯಾಪಾರಿಯ ಮಗ. ಬಂದಾಗ ಈ ನಾಡಿನಲ್ಲಿ ಸುಮಾರು 80 ಪಾಳೆಗಾರರು. ಏಳು ವರ್ಷದಲ್ಲಿ ಅವರ ಪಡೆ ಕರಗಿಸಿ, ಕೆಲವರಿಗೆ ಪಿಂಚಣಿ ಕೊಟ್ಟು ಕೂರಿಸಿ, ಹೊಲ ಅಳೆಸಿ, ರೈತನ ಜೊತೆಗೇ ನೇರ ಕಂದಾಯದ ಲೆಕ್ಕ ಶುರುಮಾಡಿದ. ನಮ್ಮ ಅಪ್ಪ ಇವತ್ತು ಪಹಣಿಗಾಗಿ ಅಲೆಯೋದರ ಮೂಲ ಎಲ್ಲೋ ಅಲ್ಲಿದೆ.

ಇನ್ನೊಬ್ಬ ಕಾಲಿನ್ ಮೆಕೆಂಜಿ. ಸ್ಕಾಟ್ಲೆಂಡಿನ ವಾಯವ್ಯದ ಲೂಯಿಸ್ ದ್ವೀಪದವನು, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು. ಕಾವಲಿ ಬೊರಯ್ಯನಂಥ ನಮ್ಮವರ ಸಹಾಯದಿಂದ ಊರೂರಿನ ಕೈಫಿಯತ್ತು, ಶಾಸನದ ನಕಲು, ಪಾಳೆಗಾರರ ವಂಶಾವಳಿ ಎಲ್ಲ ಕೂಡಿಹಾಕಿಸಿದ. ನಮ್ಮ ಅಜ್ಜಂದಿರು ಬಾಯಲ್ಲಿ ಇಟ್ಟುಕೊಂಡಿದ್ದನ್ನು ಕಾಗದಕ್ಕೆ ಇಳಿಸೋಕೆ ಅಷ್ಟು ದೂರದ ದ್ವೀಪದವನು ಸಂಬಳ ಕೊಡಬೇಕಾಯ್ತು.

ಇಲ್ಲೊಂದು ಹೋಲಿಕೆ ಗಮನಿಸಿ. 1746ರ ಕಲೊಡೆನ್ ಯುದ್ಧ ಸೋತ ಮೇಲೆ ಸ್ಕಾಟ್ಲೆಂಡಿನ ಗುಡ್ಡಗಾಡಿನ ಕುಲನಾಯಕರ ಆಯುಧ ಹೋಯ್ತು, ನ್ಯಾಯ ಹೇಳೋ ಅಧಿಕಾರವೂ ಹೋಯ್ತು. ಅದಾಗಿ 15 ವರ್ಷಕ್ಕೆ ಹುಟ್ಟಿದವನು ಮನ್ರೋ. ತನ್ನ ದೇಶದಲ್ಲಿ ನಡೆದದ್ದನ್ನೇ ಇಲ್ಲಿ ನಡೆಸಿದ ಹಾಗಿದೆ. ಎರಡೂ ಕಡೆ ನಾಯಕರ ಕತ್ತಿ ಇಳಿಯಿತು, ಎರಡೂ ಕಡೆ ಕೋಟೆ ಕೆಲಸ ಕಳಕೊಂಡವು. ಅಲ್ಲಿನವಕ್ಕೆ ಟಿಕೆಟ್ ಕೌಂಟರ್ ಬಂತು. ನಮ್ಮ ಗುಡೇಕೋಟೆಯಂಥವಕ್ಕೆ ಜಾಲಿ ಮುಳ್ಳು ಬಂತು.

ಯಾಕೆ ಹೀಗೆ ಅಂತ ಸರ್ಕಾರವನ್ನು ಬೈದು ಮುಗಿಸಬಹುದು. ಆದರೆ ನಮ್ಮ ಕಡೆ ಚಳಿಗಾಲ ಅಂದ್ರೆ ನೋಡೋಕೆ ಬರೋ ಕಾಲ ಅಲ್ಲ, ಊರು ಬಿಟ್ಟು ಹೋಗೋ ಕಾಲ. ಶೇಂಗಾ ಕಿತ್ತು, ಜೋಳ ಕೊಯ್ದ ಮೇಲೆ ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿ ಕಡೆಯ ತಾಂಡಾಗಳು, ಹಟ್ಟಿಗಳು ಅರ್ಧ ಖಾಲಿ. ಕಬ್ಬು ಕಡಿಯೋಕೆ, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡಗಳಿಗೆ ಗುಳೆ. ನಮ್ಮ ಅಪ್ಪನೂ ಎರಡು ವರ್ಷ ಹೋಗಿದ್ದ. ಹೊಟ್ಟೆಪಾಡಿಗೆ ಊರು ಬಿಡುವವನು ಕೋಟೆ ನೋಡಿಕೊಂಡು ನಿಲ್ಲುತ್ತಾನಾ? ನಾನು ಮಾಡಿದ್ದೂ ಗುಳೆಯೇ, ವಿಮಾನದಲ್ಲಿ ಹೋದೆ ಅಷ್ಟೇ.

ವಾಪಸ್ ಬಂದವನೇ ಜನವರಿಯಲ್ಲಿ ನಾಲ್ಕು ದಿನ ರಜೆ ಹಾಕಿ ಅಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡೆ. ಅಂಬಳಿಯ ಕಲ್ಲೇಶ್ವರ, ಸಾವಿರ ವರ್ಷ ದಾಟಿದ ಬಾಗಳಿಯ ಕಲ್ಲೇಶ್ವರ, ಹಿರೇಹಡಗಲಿಯ ಗುಡಿ, ಕುರುವತ್ತಿ. ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರ ಕೆರೆಯಲ್ಲಿ ಹಕ್ಕಿಗಳೇ ಹಕ್ಕಿಗಳು. ಎಲ್ಲೆಲ್ಲಿಂದಲೋ ಚಳಿಗಾಲಕ್ಕೆ ಅಂತಲೇ ಬಂದವೂ ಅದರಲ್ಲಿವೆ. ಈ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಅಪ್ಪ ಅಂದ: "ನಾವು ಗುಳೆ ಹೋಗತೀವಿ, ಇವು ಇಲ್ಲಿಗೆ ಗುಳೆ ಬರತಾವು ನೋಡು."

ಕೊನೆಯ ದಿನ ಉಚ್ಚಂಗಿ. ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯ್ತು, 2018ರಲ್ಲಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಗುಡ್ಡ ಮಾತ್ರ ಅಲ್ಲೇ ಇದೆ. ಮೇಲೆ ಕೂತು ಅಪ್ಪನಿಗೆ ಬಲ್ಲಾಳನ ಕಥೆ ಹೇಳಿದೆ. ಪೂರ್ತಿ ಕೇಳಿ ಅಪ್ಪ ಕೇಳಿದ: "ಹನ್ನೆರಡು ವರ್ಷ ಕೆಳಗ ದಂಡು ಕುಂತಿತ್ತಂದ್ರ, ಮ್ಯಾಲಿದ್ದೋರಿಗೆ ನೀರು ಎಲ್ಲಿಂದಲೇ?"

ಯಾವ ಪುಸ್ತಕದಲ್ಲೂ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಇಬ್ಬರೂ ಎದ್ದು ಬಂಡೆಗಳ ನಡುವೆ ಹೊಂಡ ಹುಡುಕುತ್ತಾ ಹೊರಟೆವು. ಕತ್ತಲಾಗೋಕೆ ಇನ್ನೂ ಸಾಕಷ್ಟು ಹೊತ್ತಿತ್ತು. ನಮ್ಮಲ್ಲಿ ಸೂರ್ಯ ಆರರವರೆಗೂ ಇರ್ತಾನೆ.

ಈ ಸಲ ಚಳಿಗಾಲಕ್ಕೆ ಎಲ್ಲಿಗೆ ಹೋಗೋದು ಅಂತ ನೀವು ಯೋಚಿಸ್ತಿದ್ದರೆ, ಊರಿಗೆ ಹೋಗಿ. ಮನೆಯ ಹಿರಿಯರೊಬ್ಬರನ್ನು ಹಿಂದೆ ಕೂರಿಸಿಕೊಳ್ಳಿ. ಟಿಕೆಟ್ ಬೇಕಿಲ್ಲ, ನೀರಿನ ಬಾಟಲಿ ಮರೀಬೇಡಿ.