ವಠಾರದ ಅಂಗಳ, ಮೊಲದ ಓಟ

ಬೆಂಗಳೂರಿನ ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರ ಪ್ಲೇಗಿಗೆ ಹೆದರಿ ಪೇಟೆಯ ಇಕ್ಕಟ್ಟು ಗಲ್ಲಿಗಳಿಂದ ಜನ ಹೊರಬಿದ್ದಾಗ ಬಸವನಗುಡಿ, ಮಲ್ಲೇಶ್ವರಂ ತಲೆಯೆತ್ತಿದವು. ಗಾಳಿ ಬೆಳಕಿಗೆಂದು ಅಗಲವಾದ ರಸ್ತೆ, ಮನೆಗಳ ಹಿಂದೆ ಕಸ ಸಾಗಿಸಲು ಕನ್ಸರ್ವೆನ್ಸಿ ಓಣಿ. ಈ ಬಡಾವಣೆಗಳ ವಠಾರಗಳಲ್ಲಿ ಮನೆ ಒಂದೆರಡು ಕೋಣೆಯದಾದರೂ ಅಂಗಳ ಎಲ್ಲರದು: ನಲ್ಲಿ, ಒಗೆಯುವ ಕಲ್ಲು, ತುಳಸಿಕಟ್ಟೆ, ಮಕ್ಕಳ ಆಟ. ಸಾಕಿದ ಪ್ರಾಣಿಗೂ ಅಲ್ಲೇ ಓಡಾಟ.

ವಠಾರ ಒಡೆದು ಅಪಾರ್ಟ್‌ಮೆಂಟ್ ಎದ್ದಲ್ಲೆಲ್ಲ ಆ ಅಂಗಳ ಹೋಯಿತು. ನಷ್ಟ ದೊಡ್ಡದು, ಮೊಲದಂಥ ಜೀವಕ್ಕಂತೂ ಇನ್ನೂ ದೊಡ್ಡದು.

ಮನೆಯಲ್ಲಿ ಸಾಕುವ ಮೊಲದ ಮೂಲ ಯುರೋಪ್. (ನಮ್ಮ ಕಾಡುಮೊಲಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಅದನ್ನು ಸಾಕುವಂತಿಲ್ಲ.) ಮುಂಜಾನೆ, ಮುಸ್ಸಂಜೆ ಸಾಕುಮೊಲಕ್ಕೆ ಹುರುಪಿನ ಹೊತ್ತು. ಓಡಿ ಬಂದು ಮೇಲಕ್ಕೆ ಜಿಗಿದು ಮೈ ತಿರುಚುತ್ತದೆ. ಖುಷಿಯ ಗುರುತು ಅದು. ಆದರೆ ಅಂಗಾಲಲ್ಲಿ ನಾಯಿಗಿರುವಂಥ ಮೆತ್ತೆಯಿಲ್ಲ, ಬರೀ ಕೂದಲು. ಹಳೆಯ ಮನೆಗಳ ನುಣುಪಾದ ರೆಡ್ ಆಕ್ಸೈಡ್ ನೆಲದ ಮೇಲೆ ಕಾಲು ಜಾರುತ್ತದೆ, ಗಾಬರಿಯಾಗಿ ಮೂಲೆ ಸೇರುತ್ತದೆ. ಒಂದು ಜಮಖಾನ ಹಾಸಿದರೆ ಸಾಕು, ಮತ್ತೆ ಓಟ.

ಅಂಗಳವಿಲ್ಲದ ಮನೆ ಹಂಚಿಕೊಂಡವರು ಮಾತಾಡಿಕೊಂಡು ಬೆಳಗ್ಗೆ, ಸಂಜೆ ಮೊಲದ ಓಟಕ್ಕೆ ಹಾಲ್ ಬಿಟ್ಟುಕೊಡಿ. ವೈರುಗಳನ್ನು ಮೇಲೆತ್ತಿ ಕಟ್ಟಿ, ಬಾಲ್ಕನಿ ಬಾಗಿಲು ಹಾಕಿ, ಆಮೇಲೆ ಗೂಡು ತೆರೆಯಿರಿ.